ತಮ್ಮನ ತೂಕ

ಸ್ಮರಣ ಸಂಚಿಕೆಗೆ ಲೇಖನ ಬೇಕೆಂದಾಗ ಮೈಸೂರಿನ ದಸರೆ ಬೊಂಬೆಗಳ ಬಗ್ಗೆ ಬರೆಯೋಣವೆಂದುಕೊಂಡಿದ್ದೆ. ಆದರೆ ನಮ್ಮ ಕನ್ನಡ ಕೂಟದ ಊಟದ ಮೇಜಿನಲ್ಲಿ ಯಾರೂ ಎತ್ತದ ವಿಷಯವೊಂದು ಎರಡು ವರ್ಷಗಳಿಂದ ನನ್ನನ್ನು ಕಾಡುತ್ತಿದೆ. ನಾನು ವೈದ್ಯಳಲ್ಲ, ಬಿ.ಎ. ಓದಿ, ಮದುವೆಯಾಗಿ, ನ್ಯೂಜೆರ್ಸಿಯಲ್ಲಿ ಮೂವತ್ತು ವರ್ಷಗಳಿಂದ ಮನೆ ನಡೆಸುತ್ತಿರುವ ಗೃಹಿಣಿ.

ಮೈಸೂರಿನಲ್ಲಿರುವ ನನ್ನ ತಮ್ಮನಿಗೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಸ್ಕಿಜೋಫ್ರೇನಿಯಾ ಕಾಣಿಸಿಕೊಂಡಿತು. ಹಲವು ಔಷಧಗಳ ನಂತರ ಒಲಾಂಜಪಿನ್ ಹಿಡಿಸಿತು. ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ಅಡಗಿದವು, ಮನೆ ಶಾಂತವಾಯಿತು. ಆದರೆ ಅವನಿಗೆ ಸದಾ ಹಸಿವು. ಮೈ ಬೆಳೆಯುತ್ತಲೇ ಹೋಯಿತು. ‘ಉಣ್ಣಲಿ ಬಿಡು, ನೆಮ್ಮದಿಯಾಗಿ ನಿದ್ದೆಯಾದರೂ ಮಾಡುತ್ತಾನಲ್ಲ’ ಎಂದುಕೊಂಡೆವು. ವಿಪರೀತ ದಾಹವಾಗುತ್ತಿದ್ದುದನ್ನೂ ರಾತ್ರಿ ಪದೇ ಪದೇ ಏಳುತ್ತಿದ್ದುದನ್ನೂ ಮನೋರೋಗದ ಲೆಕ್ಕಕ್ಕೇ ಸೇರಿಸಿದೆವು. ಕೊನೆಗೆ ಕಾಲಿನ ಹುಣ್ಣು ಮಾಯದಿದ್ದಾಗ ರಕ್ತ ಪರೀಕ್ಷೆಯಾಯಿತು. ಸಕ್ಕರೆ 380. ಅಷ್ಟು ವರ್ಷ ಮನಸ್ಸಿಗೆ ಔಷಧ ಕೊಟ್ಟವರು ಸಕ್ಕರೆ ನೋಡಿರಲಿಲ್ಲ, ನಾವೂ ಕೇಳಿರಲಿಲ್ಲ.

ಕಾರಣ ತಿಳಿಯುವ ಹಂಬಲದಿಂದ ಊರಿನ ಗ್ರಂಥಾಲಯದಲ್ಲಿ ಓದತೊಡಗಿದೆ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರಿನಲ್ಲಿ 1911ರಿಂದ ಶಿಶುಗಳ ತೂಕವನ್ನು ಬರೆದಿಡುತ್ತಿದ್ದರಂತೆ. ಡೇವಿಡ್ ಬಾರ್ಕರ್ ಮತ್ತು ಅವರ ಸಂಗಡಿಗರು ಆ ದಾಖಲೆಗಳನ್ನು ಹಿಡಿದು, ಅರವತ್ತು ದಾಟಿದ್ದ ಗಂಡಸರನ್ನು ಪರೀಕ್ಷಿಸಿದರು. ಹುಟ್ಟಿದಾಗ ತೂಕ ಕಡಿಮೆಯಿದ್ದವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚೆಂದು 1991ರಲ್ಲಿ ಪ್ರಕಟಿಸಿದರು. ಹಾಲೆಂಡಿನಲ್ಲಿ 1944-45ರ ಚಳಿಗಾಲದ ಕ್ಷಾಮ ಉಲ್ಬಣಿಸಿದ್ದಾಗ ಗರ್ಭದಲ್ಲಿ ಮೂಡಿದವರಲ್ಲಿ ಸ್ಕಿಜೋಫ್ರೇನಿಯಾ ಸುಮಾರು ಇಮ್ಮಡಿಯಾಗಿತ್ತು. ಅದೇ ಕ್ಷಾಮವನ್ನು ತಾಯಿಯ ಹೊಟ್ಟೆಯಲ್ಲಿ ಕಳೆದವರಿಗೆ ಐವತ್ತರ ಹೊತ್ತಿಗೆ ಸಕ್ಕರೆ ಅರಗಿಸಿಕೊಳ್ಳುವ ಶಕ್ತಿ ಕುಂದಿತ್ತು.

ಏನೋ ದೊಡ್ಡದನ್ನು ಕಂಡುಹಿಡಿದವಳಂತೆ ಆ ರಾತ್ರಿಯೇ ಅಮ್ಮನಿಗೆ ಫೋನು ಮಾಡಿದೆ. ತಮ್ಮ ಹುಟ್ಟಿದಾಗ ನಾಲ್ಕೂವರೆ ಪೌಂಡು ಇದ್ದನೆಂಬುದು ಮನೆಯಲ್ಲೆಲ್ಲ ತಿಳಿದ ಸಂಗತಿ. ನಾನು ಹೇಳಿದ್ದನ್ನೆಲ್ಲ ಕೇಳಿ ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಆಗ ಒಂದು ತುತ್ತೂ ನಿಲ್ತಿರಲಿಲ್ಲ ಕಣೇ, ಎಲ್ಲಾ ವಾಂತಿ. ಹಾಗಾದ್ರೆ ಎರಡಕ್ಕೂ ನಾನೇ ಕಾರಣಾನಾ?’ ಎಂದಳು.

ಎಪ್ಪತ್ತು ದಾಟಿದ ತಾಯಿಗೆ ನಾನು ಕೊಟ್ಟ ಉಡುಗೊರೆ ಇದು! ಅರ್ಧ ಓದಿ ಮಾತಾಡಿದ ನಾಚಿಕೆಯಿಂದ ಮತ್ತೆ ಓದಲು ಕುಳಿತೆ. ಆಗ ಸಿಕ್ಕಿದ್ದು ನಮ್ಮ ಮೈಸೂರೇ. ಮಿಷನ್ ಆಸ್ಪತ್ರೆಯೆಂದು ನಾವು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ 1953ರವರೆಗೆ ಹುಟ್ಟಿದವರ ಅಳತೆಗಳು ಉಳಿದಿದ್ದವು. ಅಮ್ಮನೂ ಅಲ್ಲಿಯೇ 1948ರಲ್ಲಿ ಹುಟ್ಟಿದವಳು. ಹಾಗೆ ಹುಟ್ಟಿದ ಐನೂರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದ ಫಲಿತಾಂಶ ಇಂಗ್ಲೆಂಡಿನಂತಿರಲಿಲ್ಲ. ಇಲ್ಲಿ ಮಧುಮೇಹ ಹೆಚ್ಚಾಗಿದ್ದುದು ಉದ್ದ ಕಡಿಮೆಯಿದ್ದು ಗುಂಡಗೆ ಹುಟ್ಟಿದವರಲ್ಲಿ. ಅವರ ತಾಯಂದಿರ ತೂಕವೂ ಹೆಚ್ಚು. ಶಿಶುವಿನ ತೂಕವೊಂದನ್ನೇ ಹಿಡಿದು ಒಬ್ಬ ಮನುಷ್ಯನ ಜಾತಕ ಬರೆಯಲಾಗದು.

ಇನ್ನೂ ಒಂದು ಮಾತಿದೆ. ಹುಚ್ಚು ಇರುವ ಮನೆತನಗಳಲ್ಲಿ ಮಧುಮೇಹವೂ ಕಾಣುತ್ತದೆಂದು ಹೆನ್ರಿ ಮಾಡ್ಸ್‌ಲಿ ಎಂಬ ಇಂಗ್ಲಿಷ್ ವೈದ್ಯರು 1879ರಲ್ಲಿಯೇ ಬರೆದಿದ್ದರು. ಮನೋರೋಗದ ಆಧುನಿಕ ಔಷಧಗಳು ಬಂದದ್ದು 1950ರ ದಶಕದಲ್ಲಿ. ಆದ್ದರಿಂದ ಎಲ್ಲ ಹೊರೆಯನ್ನೂ ಔಷಧದ ಮೇಲೆ ಹಾಕುವಂತಿಲ್ಲ. ಆದರೂ ಒಲಾಂಜಪಿನ್, ಕ್ಲೋಜಪಿನ್‌ಗಳಂಥ ಔಷಧಗಳು ತೂಕವನ್ನೂ ಸಕ್ಕರೆಯನ್ನೂ ಏರಿಸಬಲ್ಲವು. 2003ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಈ ಬಗ್ಗೆ ಎಚ್ಚರಿಕೆ ಮುದ್ರಿಸಬೇಕೆಂದಿತು. ಔಷಧ ಆರಂಭಿಸುವ ಮೊದಲು, ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ರಕ್ತದ ಸಕ್ಕರೆ ನೋಡಬೇಕೆಂದು 2004ರಲ್ಲಿ ಇಲ್ಲಿನ ಮಧುಮೇಹ ಮತ್ತು ಮನೋವೈದ್ಯ ಸಂಘಗಳು ಕೂಡಿ ಹೇಳಿದವು. ಊರಿನಲ್ಲಿರುವ ಅಣ್ಣನಿಗೋ ಅತ್ತೆಗೋ ಇಂಥ ಮಾತ್ರೆ ನಡೆಯುತ್ತಿದ್ದರೆ, ದಯವಿಟ್ಟು ಈ ವಾರವೇ ಫೋನಿನಲ್ಲಿ ಸಕ್ಕರೆಯ ಲೆಕ್ಕ ಕೇಳಿ. ಹೆದರಿ ಮಾತ್ರೆಯನ್ನು ಮಾತ್ರ ತಾವಾಗಿ ನಿಲ್ಲಿಸಬಾರದು; ವೈದ್ಯರನ್ನು ಕೇಳಬೇಕು.

ಇದನ್ನೆಲ್ಲ ಅಮ್ಮನಿಗೆ ನಿಧಾನವಾಗಿ ಮತ್ತೆ ಹೇಳಿದೆ. ಒಪ್ಪಿದಳೋ ಇಲ್ಲವೋ ಗೊತ್ತಿಲ್ಲ. ‘ಹೋಗಲಿ, ರಾಗಿ ಮುದ್ದೆ ಕೊಡಬಹುದಾ?’ ಎಂದು ಕೇಳಿದಳು. ಅಳತೆ ಮೀರದಂತೆ ಕೊಡು ಎಂದೆ.

ಈಗ ತಮ್ಮ ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತಾನೆ. ಹುಣ್ಣು ಮಾಯ್ದಿದೆ. ಕಳೆದ ತಿಂಗಳು ಬರಿಹೊಟ್ಟೆಯ ಸಕ್ಕರೆ 128. ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ, ಅಮ್ಮ ಅದನ್ನು ಬರೆದಿಟ್ಟಿದ್ದಾಳಂತೆ.