ಮೊಬೈಲಿಗೂ ಒಂದು ಹೊತ್ತು

ಸಂಜೆ ಏಳು ಗಂಟೆ. ನಮ್ಮ ಕಲಿಕಾ ಕೇಂದ್ರಕ್ಕೆ ಅಕ್ಕಂದಿರು ಒಬ್ಬೊಬ್ಬರಾಗಿ ಬರುತ್ತಾರೆ. ಕೈಯಲ್ಲಿ ಪುಸ್ತಕ. ಕಂಕುಳಲ್ಲಿ ಮಗು. ತಾಯಿ ಓದಲು ಕೂತರೆ ಮಗು ಸುಮ್ಮನಿರಬೇಕಲ್ಲ? ಆಗ ಮಗುವಿನ ಕೈಗೆ ಮೊಬೈಲು ಬರುತ್ತದೆ. ಮಗು ತೆಪ್ಪಗಾಗುತ್ತದೆ. ಪಾಠ ನಡೆಯುತ್ತದೆ.

ನಾವು ಇದನ್ನು ನೋಡಿಯೂ ನೋಡದ ಹಾಗೆ ಇದ್ದೆವು. ನಿಜ ಹೇಳಬೇಕೆಂದರೆ, ಪಾಠ ಹೇಳುವ ನಮಗೂ ಅದು ಅನುಕೂಲವೇ ಆಗಿತ್ತು.

ಒಂದು ದಿನ ಬೀಡಿ ಕಟ್ಟುವ ಅಕ್ಕ ಒಬ್ಬರು ಕೇಳಿದರು:

"ಟೀಚರ್, ನನ್ ಮಗನಿಗೆ ಮೂರು ವರ್ಷ. ಫೋನ್ ತೋರಿಸ್ದೆ ಇದ್ರೆ ಒಂದು ತುತ್ತೂ ತಿನ್ನಲ್ಲ. ಕಿತ್ಕೊಂಡ್ರೆ ನೆಲಕ್ಕೆ ಬಿದ್ದು ಹೊರಳಾಡ್ತಾನೆ. ಹೊಡೆದೂ ನೋಡ್ದೆ. ಏನ್ ಮಾಡ್ಲಿ?"

ಇದು ಬಹಳ ಮನೆಗಳ ಕಥೆ. ನಮ್ಮ ಮನೆಯದ್ದೂ ಹೌದು. 2020ರಲ್ಲಿ ಕೊರೊನಾ ಬಂತು. ಶಾಲೆ ಮುಚ್ಚಿತು. ಪಾಠ ಮೊಬೈಲಿನಲ್ಲಿ ಬಂತು. "ಮೊಬೈಲು ಮುಟ್ಟಬೇಡ" ಎನ್ನುತ್ತಿದ್ದ ನಾವೇ "ಮೊಬೈಲು ಹಿಡ್ಕೊಂಡು ಕೂತ್ಕೋ" ಎಂದೆವು. ಶಾಲೆ ಮತ್ತೆ ತೆರೆಯಿತು. ಮೊಬೈಲು ಮಾತ್ರ ಮಕ್ಕಳ ಕೈಯಲ್ಲೇ ಉಳಿಯಿತು.

ಮಗು ಯಾಕೆ ಬಿಡುವುದಿಲ್ಲ? ಒಂದು ವಿಡಿಯೋ ಮುಗಿಯುತ್ತಲೇ ಇನ್ನೊಂದು ತಾನಾಗಿ ಶುರುವಾಗುತ್ತದೆ. ರಾತ್ರಿಯಿಡೀ ನಡೆಯುವ ನಾಟಕಕ್ಕೂ ಬೆಳಗಿನ ಜಾವ ಮಂಗಳ ಹಾಡುತ್ತಾರೆ. ಇದಕ್ಕೆ ಮಂಗಳವೇ ಇಲ್ಲ. ಬೇಕೆಂದೇ ಹೀಗೆ ಮಾಡಿದ್ದಾರೆ. ನಾವು ಹೆಚ್ಚು ಹೊತ್ತು ನೋಡಿದರೆ ಅವರಿಗೆ ಜಾಹೀರಾತಿನ ಹಣ ಹೆಚ್ಚು. ದೊಡ್ಡವರಾದ ನಮಗೇ ಬಿಡಲು ಕಷ್ಟ. ಮೂರು ವರ್ಷದ ಮಗು ಹೇಗೆ ಬಿಟ್ಟೀತು? ಅದಕ್ಕೆ ಹೊಡೆದರೆ ಏನು ಬಂತು?

ಹಾಗಂತ ಬಿಟ್ಟುಬಿಡುವ ಹಾಗೂ ಇಲ್ಲ. ಮಗು ಕಾಗೆ ನೋಡಿ "ಕಾ ಕಾ" ಎನ್ನುತ್ತದೆ. ಅಜ್ಜಿ "ಹೂಂ, ಕಾಗೆ. ಎಲ್ಲಿ ಕೂತಿದೆ?" ಎನ್ನುತ್ತಾಳೆ. ಮಗು ಬೆರಳು ತೋರಿಸುತ್ತದೆ. ಮಾತು ಬೆಳೆಯುವುದು ಹೀಗೆ. ವಿಡಿಯೋ ನೂರು ಹಾಡು ಹಾಡೀತು. ಮಗುವಿನ ಬೆರಳು ನೋಡುವುದಿಲ್ಲ. ಇನ್ನು ಊಟ. ಫೋನ್ ನೋಡುತ್ತ ತಿನ್ನುವ ಮಗುವಿಗೆ ಹೊಟ್ಟೆ ತುಂಬಿದ್ದೂ ತಿಳಿಯದು, ರುಚಿಯೂ ತಿಳಿಯದು. ಮಲಗುವ ಮುಂಚೆ ನೋಡಿದರೆ ನಿದ್ದೆ ಕೆಡುತ್ತದೆ. ಹಗಲು ಬೆಳಕಿನಲ್ಲಿ ಹೊರಗೆ ಆಡುವ ಮಕ್ಕಳಿಗೆ ದೂರದ್ದು ಮಸುಕಾಗುವ ಕಣ್ಣಿನ ತೊಂದರೆ ಕಡಿಮೆ.

ಎಷ್ಟು ಹೊತ್ತು ನೋಡಬಹುದು? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಲೆಕ್ಕ ಇದು. 2 ವರ್ಷ ತುಂಬದ ಮಗುವಿಗೆ ಟಿವಿ, ಮೊಬೈಲು ಬೇಡವೇ ಬೇಡ. 2 ವರ್ಷದಿಂದ 4 ವರ್ಷದವರೆಗೆ ದಿನಕ್ಕೆ 1 ಗಂಟೆ ಮೀರಬಾರದು. ಕಡಿಮೆಯಾದಷ್ಟೂ ಒಳ್ಳೆಯದು. ದೂರದ ಊರಿನ ಅಜ್ಜಿಯ ಮುಖವನ್ನು ಫೋನಿನಲ್ಲಿ ಆಗಾಗ ತೋರಿಸಿದರೆ ತಪ್ಪಿಲ್ಲ.

ಆ ಅಕ್ಕನಿಗೆ ಬೀಡಿ ಕಟ್ಟಲೇಬೇಕು. ಮನೆಯಲ್ಲಿ ಮಗು ನೋಡುವವರು ಅತ್ತೆ ಒಬ್ಬರೇ. ಅವರಿಗೂ ಮಂಡಿ ನೋವು. "ಫೋನ್ ಕೊಡಲೇಬೇಡಿ" ಎಂದು ನಾವು ಹೇಳಿದರೆ ಅದು ಆಗುವ ಮಾತಲ್ಲ. ಎಲ್ಲರೂ ಕೂತು ಯೋಚಿಸಿದೆವು. ಮಧ್ಯಾಹ್ನ ಬೀಡಿ ಕಟ್ಟುವಾಗ ಒಂದು ಗಂಟೆ ಫೋನು. ದಿನವೂ ಅದೇ ಹೊತ್ತು. ಊಟಕ್ಕೆ ಇಲ್ಲ, ಹಾಸಿಗೆಗೆ ಇಲ್ಲ. ಕೊಡುವ ಮುಂಚೆಯೇ ಮಗುವಿಗೆ ಹೇಳುವುದು. ಗಡಿಯಾರ ತಿಳಿಯದ ಮಗುವಿಗೆ "ಇನ್ನೆರಡು ಹಾಡು, ಆಮೇಲೆ ಫೋನ್ ಮಲಗುತ್ತೆ" ಎಂದರೆ ತಿಳಿಯುತ್ತದೆ. ತಾನಾಗಿ ಮುಂದಿನ ವಿಡಿಯೋ ಬರುವುದನ್ನು ಫೋನಿನಲ್ಲೇ ನಿಲ್ಲಿಸಿಟ್ಟೆವು.

ಮೊದಲ ಮೂರು ದಿನ ಮಗು ಅತ್ತಿದ್ದೇ ಅತ್ತಿದ್ದು. ಎರಡನೇ ದಿನ ಅತ್ತೆ "ಅಯ್ಯೋ ಪಾಪ" ಅಂತ ಕದ್ದು ಫೋನ್ ಕೊಟ್ಟರು. ಮಾರನೇ ದಿನ ಅಳು ಇನ್ನೂ ಜೋರಾಯಿತು. ಅತ್ತರೆ ಫೋನ್ ಸಿಗುತ್ತದೆ ಎಂದು ಮಗು ಕಲಿತಿತ್ತು! ಮನೆಯವರೆಲ್ಲ ಒಂದೇ ಮಾತಿಗೆ ನಿಲ್ಲದಿದ್ದರೆ ಹೀಗೇ. ಅತ್ತೆಗೂ ತಿಳಿಸಿ ಹೇಳಿದರು. ಎರಡು ವಾರ ಆದ ಮೇಲೆ ಮಗು ಅಪ್ಪನ ತಟ್ಟೆಗೆ ಕೈ ಹಾಕಿ ತಿಂದಿತಂತೆ. ಅನ್ನ ಅರ್ಧ ನೆಲದ ಮೇಲೆ. ಆದರೂ ಅಕ್ಕನಿಗೆ ಖುಷಿಯೋ ಖುಷಿ.

ಇಲ್ಲಿ ಓದು ಬಲ್ಲವರಿಗೆ ಒಂದು ಅನುಕೂಲ ಇದೆ. ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಬಹುದು. ದಿನಕ್ಕೆ ಎಷ್ಟು ಗಂಟೆ ಫೋನ್ ನೋಡಿದೆವು ಎಂಬ ಲೆಕ್ಕ ಈಗಿನ ಹೆಚ್ಚಿನ ಸ್ಮಾರ್ಟ್ ಫೋನುಗಳಲ್ಲಿ ಸಿಗುತ್ತದೆ. ಆ ಅಕ್ಕ ಒಂದು ಸಂಜೆ ಅದನ್ನು ತೆಗೆದು, ಬೆರಳಿಟ್ಟು, ತಾವೇ ಓದಿದರು:

"4 ಗಂಟೆ 10 ನಿಮಿಷ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮಗಂದು ಒಂದು ಗಂಟೆ. ಮಿಕ್ಕಿದ್ದು ಯಾರ್ದು ಟೀಚರ್?" ಅಂದರು. ಎಲ್ಲರೂ ನಕ್ಕರು. ನಾವು ನಮ್ಮ ಫೋನಿನ ಲೆಕ್ಕ ತೆಗೆದು ನೋಡಿದೆವು. ಎಷ್ಟಿತ್ತು ಎಂದು ಇಲ್ಲಿ ಬರೆಯಲು ನಾಚಿಕೆ!

ಈಗ ನಮ್ಮ ಕೇಂದ್ರದ ಮೂಲೆಯಲ್ಲಿ ಹಳೇ ಸ್ಲೇಟು, ಬಳಪ ಇಟ್ಟಿದ್ದೇವೆ. ಮಕ್ಕಳು ನೆಲ, ಗೋಡೆ ಎಲ್ಲಾ ಗೀಚುತ್ತಾರೆ. ಗಲಾಟೆ ಜಾಸ್ತಿ. ಪಾಠ ಮೊದಲಿಗಿಂತ ನಿಧಾನ. ವಾರಕ್ಕೆ ಎರಡು ಸಲ ಗೋಡೆ ಒರೆಸುತ್ತೇವೆ.