ಕುಶಲರನ್ನು ಕರೆಯುವ ಊರುಗಳು

ಊರು ಬೆಳೆಯಲು ಬಂಡವಾಳವೊಂದೇ ಸಾಲದು. ಕೆಲಸ ಬಲ್ಲ ಜನರೂ ಬೇಕು. ಹುಬ್ಬಳ್ಳಿ-ಧಾರವಾಡ, ಮಂಗಳೂರು, ಮೈಸೂರುಗಳಲ್ಲಿ ಕಲಿತ ತರುಣರು ಉದ್ಯೋಗದ ಸಲುವಾಗಿ ಬೆಂಗಳೂರಿನ ಗಾಡಿ ಹತ್ತುವದು ನಮಗೆಲ್ಲರಿಗೂ ಪರಿಚಿತವಾದ ನೋಟ. ಈ ಊರುಗಳಿಗೂ ಉದ್ದಿಮೆಗಳು ಬರಲೆಂದು ಕರ್ನಾಟಕ ಸರಕಾರವು ‘ಬಿಯಾಂಡ್ ಬೆಂಗಳೂರು’ ಎಂಬ ಕಾರ್ಯಕ್ರಮವನ್ನು ಕೈಕೊಂಡಿರುವದು ಸ್ತುತ್ಯವೇ ಸರಿ. ಆದರೆ ಕುಶಲರು ಬಂದು ನೆಲೆಯೂರುವಂತೆ ಊರು ತಾನೇ ಮಾಡತಕ್ಕದ್ದೇನು? ಈ ಬಗೆಗೆ ಪರದೇಶದ ಎರಡು ಪ್ರಯೋಗಗಳು ವಿಚಾರಾರ್ಹವಾಗಿವೆ.

ಅಮೇರಿಕೆಯ ಓಕ್ಲಹೋಮಾ ರಾಜ್ಯದ ಟಲ್ಸಾ ನಗರವು ಒಂದು ಕಾಲಕ್ಕೆ ಜಗತ್ತಿನ ತೈಲ ರಾಜಧಾನಿಯೆಂದು ಹೆಸರಾಗಿತ್ತು. ಆ ವೈಭವವು ಇಳಿದ ಎಷ್ಟೋ ವರುಷಗಳ ತರುವಾಯ, 2018 ರಲ್ಲಿ, ಜಾರ್ಜ್ ಕೈಸರ್ ಕುಟುಂಬ ಪ್ರತಿಷ್ಠಾನವು ಒಂದು ಯೋಜನೆಯನ್ನು ಹೂಡಿತು. ದೂರದ ಕಂಪನಿಗಳ ಕೆಲಸವನ್ನು ಕುಳಿತಲ್ಲಿಂದಲೇ ಮಾಡಬಲ್ಲವರು ಟಲ್ಸಾಕ್ಕೆ ಬಂದು ಒಂದು ವರುಷ ವಾಸಿಸಿದರೆ 10,000 ಡಾಲರು ಕೊಡುವದೆಂದು ಸಾರಿತು. ಜನರ ಕಣ್ಣು ಹಣದ ಮೇಲೆ ಬಿದ್ದುದು ಸಹಜ. ಆದರೆ ಯೋಜಕರ ಜಾಣ್ಮೆಯು ಬೇರೆಡೆಗಿತ್ತು. ಅವರು ಕರೆದದ್ದು ನೌಕರಿ ಬೇಡುವವರನ್ನಲ್ಲ, ನೌಕರಿಯನ್ನು ಜೊತೆಗೇ ತರುವವರನ್ನು. ಬಂದವರಿಗೆ ಕೂಡಿ ಕೆಲಸಮಾಡುವ ಸ್ಥಳವನ್ನೂ ಊರವರೊಡನೆ ಬೆರೆಯುವ ಕೂಟಗಳನ್ನೂ ಒದಗಿಸಿದರು. 2024 ರ ಹೊತ್ತಿಗೆ ಮೂರು ಸಾವಿರಕ್ಕೂ ಮಿಕ್ಕಿ ಜನರು ಅಲ್ಲಿಗೆ ಬಂದಿದ್ದರು.

ಕೆನಡಾ ಸರಕಾರವು ಹಿಡಿದ ದಾರಿ ಬೇರೆ. 2019 ರಲ್ಲಿ ಅದು ಥಂಡರ್ ಬೇ, ಟಿಮ್ಮಿನ್ಸ್, ಮೂಸ್ ಜಾ ಮೊದಲಾದ 11 ಊರು-ಪ್ರದೇಶಗಳನ್ನು ಆರಿಸಿ, ಹೊರದೇಶದ ಕುಶಲರಲ್ಲಿ ತಮಗೆ ಬೇಕಾದವರನ್ನು ಶಿಫಾರಸು ಮಾಡುವ ಹಕ್ಕನ್ನು ಸ್ಥಳೀಯ ಆರ್ಥಿಕ ಸಂಸ್ಥೆಗಳಿಗೇ ಕೊಟ್ಟಿತು. ಬರುವವನಿಗೆ ಆ ಊರಲ್ಲಿ ನಿಜವಾದ ಕೆಲಸ ಕಾದಿರಬೇಕೆಂಬುದು ನಿಯಮ. ಹೊಸಬರನ್ನು ಹಳಬರೊಡನೆ ಕೂಡಿಸುವ ಭಾರವೂ ಊರಿನದೇ. ಆ ಪ್ರಯೋಗವು 2024 ರಲ್ಲಿ ಮುಗಿದು, 2025 ರಲ್ಲಿ ಅದೇ ಮಾದರಿಯ ಇನ್ನೊಂದು ಯೋಜನೆಯು 14 ಊರುಗಳಲ್ಲಿ ಪ್ರಾರಂಭವಾಯಿತು.

ಇವೆರಡರಿಂದ ಹೊರಡುವ ಪಾಠವು ಸ್ಪಷ್ಟವಿದೆ. ಯಾರು ಬೇಕೆಂಬುದನ್ನು ಊರು ಮೊದಲು ಅರಿಯಬೇಕು. ಕರೆಯುವದು ಆಮೇಲಿನ ಮಾತು. ಬಣ್ಣದ ಜಾಹೀರಾತನ್ನು ಯಾರೂ ಹಚ್ಚಬಹುದು. ಆದರೆ ನಳದಲ್ಲಿ ನೀರು ಬಾರದ ಓಣಿಗೆ, ಮಗುವಿಗೆ ಒಳ್ಳೆಯ ಶಾಲೆ, ಹೆಂಡತಿಗೆ ಉದ್ಯೋಗ ಸಿಗದ ಊರಿಗೆ ಬಂದ ಇಂಜಿನಿಯರನು ವರುಷ ತುಂಬುವದರೊಳಗೆ ಗಂಟು ಕಟ್ಟುವನು. ಹೋಗಿ ನಾಲ್ವರಿಗೆ ಹೇಳುವನು. ಸುಳ್ಳು ಕರೆಯು ಕರೆಯದಿರುವದಕ್ಕಿಂತ ಹಾನಿಕರ.

ಮನೆಯ ಮಕ್ಕಳೇ ನಿಲ್ಲದ ಊರಿಗೆ ಪರರು ಬಂದು ನಿಲ್ಲುವರೆ? ಆದುದರಿಂದ ನಮ್ಮ ಮಹಾನಗರಪಾಲಿಕೆಗಳೂ ವ್ಯಾಪಾರೀ ಸಂಘಗಳೂ ಮೊದಲು ಹೊರಗೆ ಹೋದವರನ್ನು ಕೇಳಲಿ: ಏಕೆ ಹೋದಿರಿ, ಏನಿದ್ದರೆ ಮರಳುವಿರಿ? ಆ ಉತ್ತರಗಳನ್ನು ಕಾರಖಾನೆ, ಆಸ್ಪತ್ರೆ, ಕಾಲೇಜುಗಳಲ್ಲಿ ಖಾಲಿಯಿರುವ ಜಾಗಗಳ ಪಟ್ಟಿಯೊಡನೆ ಇಟ್ಟು ನೋಡಲಿ. ಬಂದವರನ್ನು ಎದುರುಗೊಳ್ಳಲು ಒಬ್ಬ ಹೊಣೆಗಾರ ಅಧಿಕಾರಿಯನ್ನು ನೇಮಿಸಲಿ. ವರುಷದ ಕೊನೆಗೆ ಬಂದವರ ಸಂಖ್ಯೆಯನ್ನಲ್ಲ, ಉಳಿದವರ ಸಂಖ್ಯೆಯನ್ನು ಸಭೆಯ ಮುಂದಿಡಲಿ. ಇಷ್ಟಾದರೆ ಊರಿನ ಕರೆಗೆ ಬೆಲೆ ಬಂದೀತೆಂದು ನಾವು ನಂಬುತ್ತೇವೆ.