ಎಡಕ್ಕೇ ಮಗುಚುತ್ತಿದ್ದ ನಮ್ಮ ಗೈರೊ

ಹುನಗುಂದದ ಹೊರಗೆ ಜೋಳ ಕೊಯ್ದು ಖಾಲಿ ಬಿದ್ದ ಹೊಲ. ಬೆಳಗಿನ ಆರೂವರೆ. ರಿಮೋಟಿನಲ್ಲಿ ಥ್ರಾಟಲ್ ಏರಿಸಿದೆ. ನಮ್ಮ ಪುಟ್ಟ ಗೈರೊಕಾಪ್ಟರ್ ಸ್ವಲ್ಪ ದೂರ ಓಡಿ, ನೆಲ ಬಿಟ್ಟು, ಎಡಕ್ಕೆ ವಾಲಿ ಮಗುಚಿಬಿತ್ತು. ವಾರದಲ್ಲಿ ಇದು ಮೂರನೇ ಸಲ. ಇನ್ನು ಕೈಯಲ್ಲಿದ್ದುದು ಒಂದೇ ಜೊತೆ ರೋಟರ್ ಅಲಗು. ಪ್ರಾಜೆಕ್ಟ್ ತೋರಿಸಲು ಹನ್ನೆರಡೇ ದಿನ ಬಾಕಿ.

ನಾವು ಮೂವರು. ಒಬ್ಬ ಬಾದಾಮಿಯವನು, ಇನ್ನೊಬ್ಬ ಹುನಗುಂದದವನು, ನಾನು ಇಳಕಲ್‌ನವನು. ಬಾಗಲಕೋಟೆಯ ನವನಗರದಲ್ಲಿ ಒಂದೇ ರೂಮು, ಮೆಕ್ಯಾನಿಕಲ್ ಕೊನೆಯ ವರ್ಷ. ಡ್ರೋನ್ ಎಲ್ಲರೂ ಮಾಡುತ್ತಾರೆ, ನಾವು ಬೇರೇನಾದರೂ ಮಾಡೋಣ ಎಂದು ಹೊರಟವರು.

ಗೈರೊ ನೋಡಲು ಹೆಲಿಕಾಪ್ಟರಿನ ತಮ್ಮನಂತೆ. ಆದರೆ ತಲೆಯ ಮೇಲಿನ ರೋಟರಿಗೆ ಮೋಟಾರ್ ಇಲ್ಲ. ಮೂಗಿನ ಪ್ರೊಪೆಲ್ಲರ್ ಮುಂದಕ್ಕೆ ಎಳೆದಾಗ ಕೆಳಗಿನಿಂದ ನುಗ್ಗುವ ಗಾಳಿಗೆ ಅದು ಜಾತ್ರೆಯ ಗಿರಗಿಟ್ಲೆಯ ಹಾಗೆ ತಾನೇ ತಿರುಗುತ್ತದೆ. ಹಾಗಾಗಿ ಹೆಲಿಕಾಪ್ಟರಿನ ಬಾಲದ ರೋಟರ್ ಇದಕ್ಕೆ ಬೇಡ. ತಿರುಚುವ ಬಲದ ಕಾಟವೇ ಇಲ್ಲ ಎಂದುಕೊಂಡೆವು. ತಪ್ಪಿದ್ದು ಅಲ್ಲೇ. ರೋಟರ್ ತಿರುಚದಿದ್ದರೂ ಪ್ರೊಪೆಲ್ಲರ್ ತಿರುಚುತ್ತದೆ. ಹಿಂದಿನಿಂದ ನೋಡಿದಾಗ ಅದು ಬಲಕ್ಕೆ ಸುತ್ತಿದರೆ ಮಾದರಿಯ ಮೈ ಎಡಕ್ಕೆ ವಾಲುತ್ತದೆ. ಜತೆಗೆ ಅದರ ಸುರುಳಿ ಗಾಳಿ ಬಾಲಕ್ಕೆ ಬಡಿದು ಮೂಗನ್ನೂ ಎಡಕ್ಕೆ ತಳ್ಳುತ್ತದೆ. ವಿಮಾನದಲ್ಲಾದರೆ ಉದ್ದ ರೆಕ್ಕೆಗಳು ಇದನ್ನು ತಡೆಯುತ್ತವೆ. ಗೈರೊಗೆ ರೆಕ್ಕೆ ಎಲ್ಲಿದೆ?

ಮೊದಲು ಸುಲಭದ ಮದ್ದು ಹುಡುಕಿದೆವು: ರಡ್ಡರನ್ನು ಬಲಕ್ಕೆ ಕೂರಿಸಿದೆವು. ಪೂರ್ತಿ ಥ್ರಾಟಲಿನಲ್ಲಿ ಪರವಾಗಿಲ್ಲ ಅನ್ನಿಸಿತು. ಥ್ರಾಟಲ್ ಇಳಿಸಿದ ತಕ್ಷಣ ಬಲಕ್ಕೆ ತಿರುಗಿ ಬದುವಿಗೆ ಬಡಿಯಿತು. ಪುಣ್ಯಕ್ಕೆ ಅಲಗು ಉಳಿಯಿತು.

ಭಾನುವಾರ ಊರಿಗೆ ಹೋದಾಗ ಅಪ್ಪ ಮಗ್ಗದ ಮುಂದೆ ಕೂತಿದ್ದರು. ನನ್ನ ಗೋಳು ಕೇಳಿ, ಕೈ ನಿಲ್ಲಿಸದೆ ಹೇಳಿದರು: ‘ಎಳಿ ಹರದ್ರ ಗಂಟ ಹಾಕೂದು ಸಣ್ಣ ಕೆಲಸ, ತಮ್ಮಾ. ಯಾಕ ಹರೀತು ಅನ್ನೂದನ್ನ ಮೊದಲ ನೋಡು.’

ತಪ್ಪಿತಸ್ಥರು ಇಬ್ಬರು

ವಾಪಸ್ ಬಂದು ಮತ್ತೆ ಓದಲು ಕೂತೆವು. ಆಟೊಗೈರೊ ಕಂಡುಹಿಡಿದ ಸ್ಪೇನಿನ ಹ್ವಾನ್ ದೆ ಲಾ ಸಿಯೆರ್ವಾ ಅವರ ಮೊದಲ ಮೂರು ಯಂತ್ರಗಳೂ ಸರಿಯಾಗಿ ಹಾರಿರಲಿಲ್ಲ. ಮುಂದಕ್ಕೆ ಬರುವ ಅಲಗಿಗೆ ಗಾಳಿ ಜಾಸ್ತಿ, ಹಿಂದಕ್ಕೆ ಹೋಗುವ ಅಲಗಿಗೆ ಕಡಿಮೆ. ಹಾಗಾಗಿ ರೋಟರ್ ಒಂದು ಪಕ್ಕಕ್ಕೆ ಉರುಳಿಸುತ್ತದೆ. ಅಲಗಿನ ಬುಡಕ್ಕೆ ಕೀಲು ಹಾಕಿ, ಅದು ಮೇಲೆ ಕೆಳಗೆ ಆಡುವಂತೆ ಮಾಡಿದ ಮೇಲೆ 1923ರ ಜನವರಿಯಲ್ಲಿ ಅವರ ನಾಲ್ಕನೇ ಯಂತ್ರ ಹಾರಿತು. ನಮ್ಮ ಅಲಗಿಗೂ ಬಳುಕುವ ಪಟ್ಟಿ ಇತ್ತು. ಆದರೆ ರೋಟರ್ ವೇಗ ಪಡೆಯುವ ಮೊದಲೇ ನಾವು ಎತ್ತುತ್ತಿದ್ದೆವು.

ಹಾಗಾದರೆ ವಾಲಿಸುತ್ತಿರುವುದು ರೋಟರೋ, ಪ್ರೊಪೆಲ್ಲರೋ? ಒಂದು ಸಲಕ್ಕೆ ಒಂದನ್ನೇ ಪರೀಕ್ಷಿಸಿದೆವು. ಗಾಳಿಗೆ ಎದುರಾಗಿ ಓಡಿಸಿ, ರೋಟರಿಗೆ ಪೂರ್ತಿ ವೇಗ ಬಂದ ಮೇಲೆ ಎತ್ತಿದಾಗ ವಾಲುವುದು ಕಡಿಮೆಯಾಯಿತು. ಹಾರಿದ ಮೇಲೆ ಥ್ರಾಟಲ್ ಸ್ವಲ್ಪ ಇಳಿಸಿದಾಗ ಇನ್ನೂ ಕಡಿಮೆಯಾಯಿತು. ಅಂದರೆ ಇಬ್ಬರೂ ತಪ್ಪಿತಸ್ಥರು. ಮೇಲಿನಿಂದ ನೋಡಿದಾಗ ನಮ್ಮ ರೋಟರ್ ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತಿತ್ತು. ಅದೂ ಮಾದರಿಯನ್ನು ಎಡಕ್ಕೇ ಉರುಳಿಸುತ್ತಿತ್ತು. ಎರಡೂ ಎತ್ತು ಒಂದೇ ಕಡೆ ಎಳೆದರೆ ಬಂಡಿ ನೆಟ್ಟಗೆ ಹೋದೀತೆ?

ರೋಟರ್ ದಿಕ್ಕು ಬದಲಿಸಬೇಕೆಂದರೆ ಹೊಸ ಅಲಗು ಕೆತ್ತಬೇಕು. ಅದಕ್ಕೆ ಸಮಯವಿರಲಿಲ್ಲ. ಪ್ರೊಪೆಲ್ಲರ್ ದಿಕ್ಕು ಬದಲಿಸುವುದು ಅಗ್ಗ. ಬ್ರಶ್‌ಲೆಸ್ ಮೋಟಾರಿನ ಮೂರು ವೈರುಗಳಲ್ಲಿ ಯಾವುದಾದರೂ ಎರಡನ್ನು ಅದಲು ಬದಲು ಮಾಡಿದರೆ ಅದು ಉಲ್ಟಾ ಸುತ್ತುತ್ತದೆ. ಡ್ರೋನಿಗೆ ಎರಡೂ ದಿಕ್ಕಿನ ಪ್ರೊಪೆಲ್ಲರ್ ಬೇಕಾದ್ದರಿಂದ ಉಲ್ಟಾ ಪ್ರೊಪೆಲ್ಲರ್ ಸುಲಭವಾಗಿ ಸಿಗುತ್ತದೆ. ಉಲ್ಟಾ ಸುತ್ತಿದಾಗ ಸಡಿಲವಾಗದಂತೆ ಲಾಕ್‌ನಟ್ ಹಾಕಿದೆವು. ಈಗ ಪ್ರೊಪೆಲ್ಲರ್ ಬಲಕ್ಕೆ, ರೋಟರ್ ಎಡಕ್ಕೆ ಎಳೆಯತೊಡಗಿದವು.

ಪೂರ್ತಿ ಥ್ರಾಟಲಿನಲ್ಲಿ ಬಲಕ್ಕೆ ಸ್ವಲ್ಪ ಎಳೆತ ಉಳಿಯಿತು. 30 ಮಿ.ಮೀ. ಅಗಲದ ರೋಟರ್ ಪೀಠದ ಬಲ ಅಂಚಿನಡಿ 1 ಮಿ.ಮೀ. ವಾಷರ್ ಇಟ್ಟೆವು. ರೋಟರ್ ಸುಮಾರು 2 ಡಿಗ್ರಿ ಎಡಕ್ಕೆ ಬಾಗಿತು. ಮೋಟಾರಿನ ಮೂಗನ್ನೂ ಅಷ್ಟೇ ಎಡಕ್ಕೆ ತಿರುಗಿಸಿ, ರಡ್ಡರನ್ನು ನಡುವಿಗೆ ತಂದೆವು. ಥ್ರಾಟಲನ್ನು ಒಮ್ಮೆಲೇ ಒತ್ತದೆ ನಿಧಾನಕ್ಕೆ ಏರಿಸುವುದನ್ನೂ ಕಲಿತೆವು. ಹತ್ತನೇ ದಿನ ಅದೇ ಹೊಲದಲ್ಲಿ ಗೈರೊ ನೆಟ್ಟಗೆ ಎದ್ದು ಎರಡು ಸುತ್ತು ಹಾಕಿ ಇಳಿಯಿತು. ಬಾದಾಮಿಯ ಗೆಳೆಯ ಹೊಲದ ತುಂಬಾ ಓಡಾಡಿ ಕುಣಿದ.

ನೀವೂ ಮಾಡುವುದಾದರೆ ಜನ, ದನ, ವಿದ್ಯುತ್ ತಂತಿ ಇಲ್ಲದ ಬಯಲು ಆರಿಸಿಕೊಳ್ಳಿ. ಡ್ರೋನ್ ಹಾರಾಟದ ನಕ್ಷೆಯಲ್ಲಿ ಆ ಜಾಗಕ್ಕೆ ಅನುಮತಿ ಇದೆಯೇ ನೋಡಿ. ಬಾದಾಮಿಯ ಗುಹೆಗಳ ಆಸುಪಾಸು ಬೇಡವೇ ಬೇಡ. ಪ್ರತಿ ಹಾರಾಟಕ್ಕೂ ಏನು ಬದಲಿಸಿದಿರಿ, ಏನಾಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎನ್‌ಸಿಸಿ ಏರ್ ವಿಂಗ್ ಇರುವ ಕಾಲೇಜಾದರೆ ಏರೊಮಾಡೆಲಿಂಗ್ ಕಲಿಯುವ ಅವಕಾಶ ಅಲ್ಲೇ ಇದೆ.

ಮೊನ್ನೆ ಒಂದು ಇಂಟರ್‌ವ್ಯೂಗೆ ಹೋಗಿದ್ದೆ. ಹಾರಿದ ವಿಡಿಯೊ ತೋರಿಸಲು ಮೊಬೈಲ್ ತೆಗೆದೆ. ಅವರು ನೋಟ್‌ಬುಕ್ ಕೇಳಿದರು. ಬಿದ್ದ ದಿನಗಳ ಪುಟಗಳನ್ನೇ ತಿರುವುತ್ತಾ ಇಪ್ಪತ್ತು ನಿಮಿಷ ಪ್ರಶ್ನೆ ಕೇಳಿದರು. ಫಲಿತಾಂಶ ಇನ್ನೂ ಬಂದಿಲ್ಲ. ಆದರೆ ಅಷ್ಟು ಹೊತ್ತು ತಡವರಿಸದೆ ಮಾತಾಡಿದ್ದು ನನಗೆ ಅದೇ ಮೊದಲು.